ಅಯಸ್ಕಾಂತ ಹಚ್ಚಿದ ಬೇಸಿಗೆ

ಕಳೆದ ತಿಂಗಳು ಅಥಣಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಎದುರಿನ ಸಂದಿಯಿಂದ ವಾರ್ನಿಶ್ ಬೇಯುವ ವಾಸನೆ ಬಂತು. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್‌ನಲ್ಲಿ ಅದ್ದಿ, ಬಿಸಿ ಪೆಟ್ಟಿಗೆಯೊಳಗೆ ಒಣಗಲು ಇಟ್ಟಾಗ ಏಳುವ ವಾಸನೆ ಅದು. ಗಂಟಲಿನ ಹಿಂದೆ ಹೋಗಿ ಕೂತುಬಿಡುತ್ತದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಸಂದಿಯ ಕಡೆಗೇ ಸ್ವಲ್ಪ ಸರಿದು ನಿಂತೆ. ಚಿಕ್ಕೋಡಿಯಲ್ಲಿ ದಸ್ತಗೀರ ಮಿಸ್ತ್ರಿಯ ಶೆಡ್ಡಿನಲ್ಲಿ ಕಳೆದ ಆ ಒಂದು ಬೇಸಿಗೆ, ಕರೆಯದೆ ಬಂದ ನೆಂಟರ ಹಾಗೆ, ಒಮ್ಮೆಗೇ ಎದುರು ಬಂದು ನಿಂತಿತು.

ಆಗ ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದೆ. ಮನೆ ರಾಯಬಾಗದಲ್ಲಿ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಂದು ಸಕ್ಕರೆ ಕಾರ್ಖಾನೆಯಲ್ಲಿ ಸಂದರ್ಶನ ಕೊಟ್ಟು ಬಂದಿದ್ದೆ. ಮಳೆಗಾಲ ಶುರುವಾಗುವಾಗ ಕರೆಯುತ್ತೇವೆ ಎಂದಿದ್ದರು. ಅಲ್ಲಿಯವರೆಗೆ ಮಗಳು ಸುಮ್ಮನೆ ಕೂರುವುದು ಬೇಡ ಎಂದು ಅಪ್ಪ ತನ್ನ ಹಳೆಯ ಪರಿಚಯದ ದಸ್ತಗೀರ ಮಿಸ್ತ್ರಿಯ ಹತ್ತಿರ ನನ್ನನ್ನು ಕರೆದುಕೊಂಡು ಹೋದ.

“ಹುಡುಗಿ ಅಂತ ಖುರ್ಚಿ ಮ್ಯಾಗ ಕುಂದ್ರಸಬ್ಯಾಡ್ರಿ. ಕೆಲಸಾ ಹಚ್ರಿ,” ಅಂದ ಅಪ್ಪ.

“ನಮ್ಮಲ್ಲಿ ಖುರ್ಚೀನs ಇಲ್ಲ ಬಿಡ್ರಿ,” ಅಂದರು ಮಿಸ್ತ್ರಿ.

ನಿಜವೇ. ನಿಪ್ಪಾಣಿ ರಸ್ತೆಯ ಒಳಗಿನ ಒಂದು ಗಲ್ಲಿಯಲ್ಲಿ ಅವರ ಮನೆ, ಮನೆಯ ಹಿಂದೆ ಅಂಗಳ, ಅಂಗಳದ ಆ ಕಡೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಒಂದು ಉದ್ದನೆಯ ಬೆಂಚು, ಒಂದು ಲೇಥ್, ತಂತಿ ಸುತ್ತುವ ಯಂತ್ರ, ವಾರ್ನಿಶ್ ಒಣಗಿಸುವ ಪೆಟ್ಟಿಗೆ. ಲೇಥಿನ ಮೇಲೆ ಬೇಡಕಿಹಾಳದ ಮಹಾದೇವ ಕೆಲಸ ಮಾಡುತ್ತಿದ್ದ. ಮರಾಠಿಯಲ್ಲಿ ಬೈಯುತ್ತಿದ್ದ, ಕನ್ನಡದಲ್ಲಿ ಕೆಲಸದ ಮಾತಾಡುತ್ತಿದ್ದ. ಮಿಸ್ತ್ರಿಯ ಹೆಂಡತಿ ರಶೀದಾಬಿ ಅಂಗಳದ ಈ ಕಡೆಯ ಅಡುಗೆಮನೆಯಿಂದ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಿದ್ದರು. ಅವರನ್ನು ನಾನು ಚಾಚಿ ಎಂದು ಕರೆಯತೊಡಗಿದೆ.

ಬೋರ್‌ವೆಲ್ ಮೋಟಾರುಗಳ ರಿಪೇರಿಯಿಂದ ಶೆಡ್ಡು ನಡೆಯುತ್ತಿತ್ತು. ಆದರೆ ಮಿಸ್ತ್ರಿಯ ಜೀವ ಇದ್ದದ್ದು ಬೇರೊಂದು ವಸ್ತುವಿನಲ್ಲಿ. ಪುಸ್ತಕದಲ್ಲಿ ಅದಕ್ಕೆ ರೋಟರಿ ಆ್ಯಕ್ಚುಯೇಟರ್ ಎನ್ನುತ್ತಾರೆ. ಶೆಡ್ಡಿನಲ್ಲಿ ಎಲ್ಲರೂ ತಿರುಗಣಿ ಎನ್ನುತ್ತಿದ್ದರು.

ಮುಷ್ಟಿಯೊಳಗೆ ಹಿಡಿಯುವಷ್ಟು ಗಾತ್ರ. ಒಳಗೆ ಉಕ್ಕಿನ ಒಂದು ಗುಂಡು ಕಡ್ಡಿ. ಅದರ ಸುತ್ತ ತೆಂಗಿನ ಹೋಳಿನ ಹಾಗೆ ಬಾಗಿದ ಅಯಸ್ಕಾಂತದ ತುಂಡುಗಳನ್ನು ಅಂಟಿಸಿರುತ್ತಾರೆ. ಅದು ರೋಟರ್. ಹೊರಗೆ ತಾಮ್ರದ ಸುರುಳಿ. ಸುರುಳಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಕೊಟ್ಟರೆ ರೋಟರ್ ಕಾಲು ಸುತ್ತು ತಿರುಗಿ ಟಕ್ ಎಂದು ನಿಲ್ಲುತ್ತದೆ. ಆಮೇಲೆ ಕರೆಂಟು ಬೇಕಿಲ್ಲ. ಅಲ್ಲಿರುವ ಕಬ್ಬಿಣದ ತುಂಡನ್ನು ಅಯಸ್ಕಾಂತವೇ ಹಿಡಿದುಕೊಂಡಿರುತ್ತದೆ. ಕರೆಂಟನ್ನು ಉಲ್ಟಾ ಕೊಟ್ಟರೆ ಬಿಟ್ಟು, ಹಿಂದಕ್ಕೆ ತಿರುಗಿ, ಆ ಕಡೆಯ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ.

ಇದನ್ನು ದ್ರಾಕ್ಷಿ ತೋಟದ ನೀರಿನ ವಾಲ್ವ್‌ಗಳ ತಲೆಯ ಮೇಲೆ ಕೂರಿಸುವುದು ಮಿಸ್ತ್ರಿಯ ಯೋಚನೆ. ತಿರುಗಣಿ ಒಂದು ಸಣ್ಣ ದಾರಿಯನ್ನು ತೆರೆದರೆ ಸಾಕು, ಪೈಪಿನೊಳಗಿನ ನೀರಿನ ಒತ್ತಡವೇ ದೊಡ್ಡ ವಾಲ್ವನ್ನು ತೆರೆಯುತ್ತದೆ. ನಮ್ಮ ಕಡೆ ಹೊಲದ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಮೋಟಾರಿನ ವಾಲ್ವುಗಳು ಕರೆಂಟು ಹೋದರೆ ಅರ್ಧ ತೆರೆದು ಅರ್ಧ ಮುಚ್ಚಿ ನಿಂತುಬಿಡುತ್ತವೆ. ಬರೀ ಸುರುಳಿಯಿಂದ ನಡೆಯುವ ಸಾದಾ ಸೊಲೆನಾಯ್ಡ್ ವಾಲ್ವಿಗೆ ತೆರೆದಿರುವಷ್ಟು ಹೊತ್ತೂ ಕರೆಂಟು ಬೇಕು. ತಿರುಗಣಿಗೆ ಸೋಲಾರ್ ತಟ್ಟೆಯ ಸಣ್ಣ ಬ್ಯಾಟರಿ ಸಾಕು.

“ತಿರುಗಸೂದಷ್ಟs ಕರೆಂಟಿನ ಕೆಲಸ,” ಎಂದು ಮಿಸ್ತ್ರಿ ಮೊದಲ ದಿನ ನನಗೆ ಹೇಳಿದರು. “ಹಿಡಕೊಂಡ ನಿಲ್ಲೂದು ಮ್ಯಾಗ್ನೆಟ್ ನೋಡಕೋತೈತಿ. ನೀ ಬ್ಯಾಟರಿ, ಸರ್ಕಿಟ್ ನೋಡಕೊ. ಮ್ಯಾಗ್ನೆಟ್ ನಾ ಹಚ್ಚತೀನಿ.”

ಅಯಸ್ಕಾಂತ ಹಚ್ಚುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಬೆರಳಿನ ಉಗುರಿನಷ್ಟಿದ್ದರೂ ಆ ತುಂಡುಗಳು ಒಂದನ್ನೊಂದು ಕಂಡರೆ ಹಾರಿ ಬಡಿದುಕೊಳ್ಳುತ್ತವೆ, ನಡುವೆ ಚರ್ಮ ಸಿಕ್ಕರೆ ರಕ್ತ ಕಟ್ಟುತ್ತದೆ. ಮಿಸ್ತ್ರಿ ರೋಟರನ್ನು ಎದೆಗೆ ಒತ್ತಿ ಹಿಡಿದು, ಹಿತ್ತಾಳೆಯ ಚಿಮಟಿಗೆಯಿಂದ ಒಂದೊಂದೇ ತುಂಡು ಕೂರಿಸುತ್ತಿದ್ದರು. ಅವರ ಎಲ್ಲ ಅಂಗಿಗಳ ಮೇಲೂ ಎಡಗಡೆ ಅಂಟಿನ ಕಲೆ ಇರುತ್ತಿತ್ತು.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಬೆಂಚಿನ ಹತ್ತಿರ ನಿಂತಲ್ಲೇ ಕುಸಿದು ಬಿದ್ದರು. ಮಹಾದೇವ ಓಡಿಹೋಗಿ ಗಾಡಿ ತಂದ. ಮಿರಜದ ಆಸ್ಪತ್ರೆಯಲ್ಲಿ ಎದೆಬಡಿತ ತೀರ ನಿಧಾನವಾಗಿದೆ ಎಂದು ಹೇಳಿ, ಎಡ ಹೆಗಲಿನ ಕೆಳಗೆ ಚರ್ಮದೊಳಗೆ ಪೇಸ್‌ಮೇಕರ್ ಕೂರಿಸಿದರು. ಗಲ್ಲಿಯ ಜನ “ಮಿಸ್ತ್ರಿಗೆ ಬ್ಯಾಟರಿ ಹಾಕ್ಯಾರ” ಎಂದು ಮಾತಾಡಿಕೊಂಡರು.

ಮನೆಗೆ ಕಳಿಸುವಾಗ ಆಸ್ಪತ್ರೆಯವರು ಮಾಡಬಾರದ ಕೆಲಸಗಳನ್ನು ಹೇಳಿದರಂತೆ. ಎಡಗೈಯಿಂದ ಭಾರ ಎತ್ತಬಾರದು, ಮೊಬೈಲನ್ನು ಎದೆಯ ಜೇಬಿನಲ್ಲಿ ಇಡಬಾರದು, ಅಯಸ್ಕಾಂತವನ್ನು ಹತ್ತಿರ ತರಬಾರದು. ಚಾಚಿಗೆ ಮೊದಲೆರಡು ಮಾತು ಕೇಳಿಸಿದವೋ ಇಲ್ಲವೋ, ಮೂರನೆಯದು ಪೂರ್ತಿ ಕೇಳಿಸಿತು. ಮರುದಿನ ನಾನು ಬಂದಾಗ ಅಂಗಳದ ನಡುವೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಆ ಕಡೆ ಶೆಡ್ಡು, ಈ ಕಡೆ ಬೇವಿನ ಮರ, ಮರದ ಕೆಳಗೆ ಕಬ್ಬಿಣದ ಪಲ್ಲಂಗ, ಪಲ್ಲಂಗದ ಮೇಲೆ ಮಿಸ್ತ್ರಿ.

“ಈ ಗೆರಿ ದಾಟಿದ್ರ ನಾನು ತವರಿಗೆ ಹೊಂಟೆ,” ಅಂದರು ಚಾಚಿ.

“ನಿನ್ನ ತವರಾಗ ಯಾರದಾರ ಈಗ?” ಎಂದು ಮಿಸ್ತ್ರಿ ಕೇಳಿದರು.

“ಯಾರೂ ಇಲ್ಲದಿದ್ರೂ ಹೊಕ್ಕೀನಿ.”

ಇದರಲ್ಲಿ ನಗು ಬರುವಂಥದ್ದಿದ್ದರೂ ನಗುವ ಸ್ಥಿತಿ ಇರಲಿಲ್ಲ. ಕಾಗವಾಡದ ಹತ್ತಿರದ ದ್ರಾಕ್ಷಿ ಬೆಳೆಗಾರರ ಒಂದು ಗುಂಪು ತಮ್ಮ ತೋಟಗಳಿಗೆಲ್ಲ ತಿರುಗಣಿ ಬೇಕೆಂದು ಕೇಳಿತ್ತು. ಅವರ ಮುಂದಾಳು ಭರಮಗೌಡರು. ಕೃಷ್ಣಾ ನದಿಯಿಂದ ಒಂದೇ ಪೈಪಿನಲ್ಲಿ ನೀರು ತಂದು ಎಲ್ಲರ ತೋಟಕ್ಕೂ ಪಾಳಿಯ ಮೇಲೆ ಹಂಚುತ್ತಿದ್ದರು. ಏಪ್ರಿಲ್‌ನಲ್ಲಿ ದ್ರಾಕ್ಷಿ ಬಳ್ಳಿಯನ್ನು ಕತ್ತರಿಸಿ ಬೋಳು ಮಾಡುತ್ತಾರೆ. ಆ ಬಿಸಿಲಿನಲ್ಲಿ ಬರುವ ಚಿಗುರೇ ಮುಂದಿನ ಗೊನೆಯ ತಾಯಿ. ಆಗ ನೀರು ತಪ್ಪಿದರೆ ವರ್ಷವೇ ತಪ್ಪಿದಂತೆ. ಅದಕ್ಕೂ ಮೊದಲು ತಿರುಗಣಿಗಳು ತೋಟದಲ್ಲಿರಬೇಕಿತ್ತು. ಹಚ್ಚುವ ಕೈ ಗೆರೆಯ ಈ ಕಡೆ ಪಲ್ಲಂಗದ ಮೇಲಿತ್ತು.

ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಮಿಸ್ತ್ರಿ ಅಂಗಳದಿಂದಲೇ ಮೊಬೈಲಿನಲ್ಲಿ ವಿಡಿಯೋ ಕರೆ ಮಾಡುತ್ತಿದ್ದರು. ನನ್ನ ಮೊಬೈಲನ್ನು ಬೆಂಚಿನ ಮೇಲೆ ಡಬ್ಬಿಗೆ ಆನಿಸಿಟ್ಟು ನಾನು ಕೆಲಸ ಮಾಡಬೇಕು. ಅವರ ಮಾತು ಮೊದಲು ಅಂಗಳದಿಂದ ನೇರವಾಗಿ, ಆಮೇಲೆ ಮೊಬೈಲಿನಿಂದ, ಹೀಗೆ ಎರಡೆರಡು ಸಲ ಕೇಳಿಸುತ್ತಿತ್ತು.

“ಹಂಗಲ್ಲ, ಸುಜಾತಾ. ಮ್ಯಾಲಿಂದ ತರಬ್ಯಾಡ. ಬಾಜೂಕಿಂದ ಸರಿಸಿಕೋತ ತಾ. ಮ್ಯಾಲಿಂದ ತಂದ್ರ ಅದು ನಿನ್ನ ಕೈ ಕೇಳೂದಿಲ್ಲ.”

ಮೊದಲ ವಾರ ನನ್ನ ಬೆರಳ ತುದಿಗಳೆಲ್ಲ ನೀಲಿಯಾದವು. ಒಂದು ತುಂಡು ಉತ್ತರ ಮುಖ ಹೊರಗೆ, ಪಕ್ಕದ್ದು ದಕ್ಷಿಣ ಮುಖ ಹೊರಗೆ, ಹೀಗೆ ಬದಲಿಸಿ ಹಚ್ಚಬೇಕು. ಒಂದು ತಪ್ಪಿದರೆ ರೋಟರ್ ತಿರುಗುವ ಬದಲು ನಡುಗುತ್ತ ನಿಲ್ಲುತ್ತದೆ. ಅಂಟು ಒಣಗಿದ ಮೇಲೆ ಕಿತ್ತರೆ ತುಂಡು ಒಡೆಯುತ್ತದೆ. ಮಹಾದೇವ ನನ್ನ ಕಷ್ಟ ನೋಡಲಾರದೆ ಸಾಗವಾನಿ ಕಟ್ಟಿಗೆಯಲ್ಲಿ ಒಂದು ಅಚ್ಚು ಕೊರೆದು ಕೊಟ್ಟ; ತುಂಡುಗಳು ಅದರ ತೋಡಿನಲ್ಲಿ ಕೂತು ಒಂದೊಂದಾಗಿ ಮುಂದೆ ಸರಿಯುತ್ತಿದ್ದವು. ಅಲ್ಲಿಂದ ಕೆಲಸ ಹಿಡಿತಕ್ಕೆ ಬಂತು. ಹೋಳಿ ಹುಣ್ಣಿಮೆಯ ಹೊತ್ತಿಗೆ ನಾನು ಮೊಬೈಲ್ ನೋಡದೆಯೇ ಹಚ್ಚುತ್ತಿದ್ದೆ. ಮಿಸ್ತ್ರಿ ಕರೆ ಮಾತ್ರ ನಿಲ್ಲಿಸಲಿಲ್ಲ.

ಅರ್ಧ ಕೆಲಸವಾದಾಗ ನಾವು ತರಿಸುತ್ತಿದ್ದ ಜಾತಿಯ ಅಯಸ್ಕಾಂತ ಮುಗಿಯಿತು. ಕೊಲ್ಹಾಪುರದ ವ್ಯಾಪಾರಿ ಅದು ಸದ್ಯಕ್ಕಿಲ್ಲ ಎಂದು ಅದೇ ಅಳತೆಯ ಬೇರೆ ಮಾಲು ಕಳಿಸಿದ. ಅದು ಮೊದಲಿನದಕ್ಕಿಂತ ಬಲವಾಗಿತ್ತು. ರೋಟರಿನ ಕಡ್ಡಿಗೆ ಹಗ್ಗ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿದರೆ ಮುಳ್ಳು ಹಳೆಯದಕ್ಕಿಂತ ಮುಂದೆ ಹೋಗುತ್ತಿತ್ತು. ಪಲ್ಲಂಗದ ಮೇಲಿಂದಲೇ ಮಿಸ್ತ್ರಿ ಮೊಬೈಲಿನಲ್ಲಿ ಮುಳ್ಳು ನೋಡಿ, “ಭಾರೀ ಹಿಡಿತೈತಿ ಬಿಡು!” ಅಂದರು. ನಮಗೆಲ್ಲ ಸಂತೋಷವಾಯಿತು.

ಮಾರ್ಚ್ ಮುಗಿಯುವ ಮೊದಲು ಮಹಾದೇವ, ನಾನು ಇಬ್ಬರೂ ಹೋಗಿ ಭರಮಗೌಡರ ಗುಂಪಿನ ತೋಟಗಳಲ್ಲಿ ಎಲ್ಲವನ್ನೂ ಕೂರಿಸಿದೆವು. ಕೊಯ್ಲು ಮುಗಿದಿತ್ತು. ಒಣದ್ರಾಕ್ಷಿ ಶೆಡ್ಡುಗಳ ಹುಳಿಸಿಹಿ ವಾಸನೆ ದಾರಿಯುದ್ದಕ್ಕೂ ಇತ್ತು. ಗುಂಡಿ ಒತ್ತಿದರೆ ಟಕ್, ನೀರು ಬಂತು. ಇನ್ನೊಮ್ಮೆ ಒತ್ತಿದರೆ ಟಕ್, ನೀರು ನಿಂತಿತು. ಭರಮಗೌಡರು ಪಂಪಿನ ಮನೆಗೆ ಹೋಗಿ ಮೇನ್ ಸ್ವಿಚ್ಚು ತೆಗೆದು, ಮತ್ತೆ ಹಾಕಿ, ತೆರೆದ ವಾಲ್ವು ತೆರೆದೇ ಇರುವುದನ್ನು ನೋಡಿ ಮಹಾದೇವನ ಬೆನ್ನು ತಟ್ಟಿದರು.

ಏಪ್ರಿಲ್‌ನ ನಡುವೆ ಅವರ ಫೋನು ಬಂತು. ನಾನು ಅವತ್ತೇ ಬಸ್ಸು ಹಿಡಿದು ಹೋದೆ. ಕೃಷ್ಣೆಯ ಬಯಲಿನಲ್ಲಿ ಬಿಸಿಲು ನೆಲದಿಂದಲೇ ಏಳುತ್ತಿತ್ತು. ಬಳ್ಳಿಗಳಲ್ಲಿ ಗೇಣುದ್ದದ ಚಿಗುರು ಬಂದು ತುದಿ ಬಾಡಿತ್ತು.

“ಮುಂಜಾನೆ ಛಲೋ ಇರತೈತ್ರಿ,” ಅಂದರು ಭರಮಗೌಡರು. “ಹೊತ್ತು ನೆತ್ತಿಗೆ ಬಂತಂದ್ರ ಒಂದೊಂದು ತಾನs ಬಂದ್ ಆಗತಾವು. ಒಂದೊಂದು ಬಂದ್ ಮಾಡಿದ್ರ ನಿಲ್ಲೂದಿಲ್ಲ, ಹರಕೋತನs ಇರತಾವು. ಆ ತುದೀ ತೋಟಕ್ಕ ನೀರs ಮುಟ್ಟಿಲ್ಲ. ನಾ ಎಲ್ಲಾರಿಗೂ ಹೇಳಿ ಒಪ್ಪಿಸಿ ಹಾಕಿಸೀನಿ. ಈಗ ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ.”

ವಾಲ್ವಿನ ಮೇಲಿನ ಕಪ್ಪು ಬಣ್ಣದ ತಗಡಿನ ಪೆಟ್ಟಿಗೆ ಮುಟ್ಟಿದೆ. ಕೈ ಹಿಂದಕ್ಕೆ ಬಂತು. ಕರವಸ್ತ್ರ ಸುತ್ತಿ ಮುಚ್ಚಳ ತೆಗೆದು ರೋಟರನ್ನು ಬೆರಳಿನಿಂದ ತಿರುಗಿಸಿದೆ. ಇಕ್ಕಳ ಹಾಕಿದರೂ ಅಲುಗದ ಹಾಗೆ ಹಿಡಿದಿರಬೇಕಾದದ್ದು ಸಡಿಲ ಗೂಟದ ಹಾಗೆ ತಿರುಗಿತು. ಪಕ್ಕದ ತೋಟದಲ್ಲಿ ಹಳೆಯ ಮಾಲಿನಿಂದ ಮಾಡಿದ ತಿರುಗಣಿ ಇತ್ತು. ಅದೇ ಬಿಸಿಲು, ಅದೇ ಪೆಟ್ಟಿಗೆ. ಅದು ಅಲುಗಲಿಲ್ಲ.

ಸಡಿಲಾದ ಕೆಲವನ್ನು ಬಿಚ್ಚಿಕೊಂಡು ಚೀಲದಲ್ಲಿ ಹಾಕಿಕೊಂಡೆ. ಅವು ಇದ್ದ ಕಡೆಯೆಲ್ಲ ಬೆಳೆಗಾರರು ಕೈಯಿಂದ ವಾಲ್ವು ತಿರುಗಿಸಲು ಪಾಳಿ ಹಾಕಿಕೊಂಡರು. ಒಬ್ಬರು ನನ್ನ ಎದುರಿಗೇ, “ಇನ್ನ ಇದನ್ನ ತಗದ ಒಗೀರಿ, ಗೌಡ್ರ,” ಅಂದರು.

ಮರುದಿನ ಅಂಗಳದಲ್ಲಿ ಮಿಸ್ತ್ರಿಗೆ ಎಲ್ಲ ಹೇಳಿದೆ. ಅವರು, “ಕಾಸಿ ನೋಡೂಣು,” ಅಂದರು.

ಚಾಚಿಯಿಂದ ಚಹದ ದೊಡ್ಡ ಪಾತ್ರೆ ಇಸಿದುಕೊಂಡು ಗೆರೆಯ ಆಚೆ ಶೆಡ್ಡಿನ ಬಾಗಿಲಲ್ಲಿ ಗ್ಯಾಸಿನ ಒಲೆ ಹಚ್ಚಿದೆ. ಇನ್ನೂ ತೋಟಕ್ಕೆ ಹೋಗದ ಎರಡು ರೋಟರ್ ಇದ್ದವು, ಒಂದು ಹಳೆಯ ಮಾಲಿನದು, ಒಂದು ಹೊಸದು. ಎರಡರ ಹಿಡಿತವನ್ನೂ ತಕ್ಕಡಿಯಿಂದ ಎಳೆದು ನೋಡಿದೆ. ಹೊಸದು ಮುಂದಿತ್ತು. ಎರಡನ್ನೂ ಕೈ ಸುಡುವ ನೀರಿನಲ್ಲಿ ಬಿಟ್ಟು, ತೆಗೆದು, ಮತ್ತೆ ಎಳೆದೆ. ಹೊಸದರ ಮುಳ್ಳು ಹಿಂದೆ ಬಿತ್ತು. ನೀರು ಕುದಿ ಹಿಡಿಯುವ ಹೊತ್ತಿಗೆ ಹೊಸದು ಅರ್ಧವೂ ಹಿಡಿಯಲಿಲ್ಲ. ತಣ್ಣೀರಿಗೆ ಹಾಕಿ ಆರಿಸಿದ ಮೇಲೂ ಹೋದ ಬಲ ವಾಪಸ್ ಬರಲಿಲ್ಲ. ಹಳೆಯದು ಮೊದಲಿದ್ದಷ್ಟೇ ಹಿಡಿಯಿತು.

ನೆರಳಿನಲ್ಲಿ ಬಲವಾಗಿರುವ ಮಾಲೇ ಬೇರೆ, ಬಿಸಿ ತಾಳುವ ಮಾಲೇ ಬೇರೆ. ನಾನು ಡಿಪ್ಲೊಮಾದಲ್ಲಿ ಇದನ್ನು ಒಂದು ಸಾಲಿನಲ್ಲಿ ಓದಿದ್ದೆ, ಮಿಸ್ತ್ರಿ ಸುಟ್ಟ ಮೋಟಾರುಗಳಲ್ಲಿ ಇಂಥದ್ದನ್ನು ಕಂಡಿದ್ದರು. ಇಬ್ಬರಿಗೂ ಈ ತಿರುಗಣಿಯ ವಿಷಯದಲ್ಲಿ ಹೊಳೆದಿರಲಿಲ್ಲ. ಜೊತೆಗೆ ಉಲ್ಟಾ ಕರೆಂಟು ಕೊಡುವಾಗ ಸುರುಳಿಯೂ ಆ ಬಿಸಿಯಾದ ಅಯಸ್ಕಾಂತವನ್ನು ಪ್ರತಿಸಲ ಅಷ್ಟಷ್ಟು ಕೆಡಿಸುತ್ತಿತ್ತು.

ಲೆಕ್ಕ ಸಿಕ್ಕ ಹುರುಪಿನಲ್ಲಿ ನಾನು ಮಹಾದೇವನಿಗೆ ವಿವರಿಸುತ್ತಿದ್ದೆ. ಮಿಸ್ತ್ರಿ ಎದ್ದು ಗೆರೆ ದಾಟಿ ಬಂದದ್ದನ್ನು ಯಾರೂ ನೋಡಲಿಲ್ಲ. ಅವರು ಆ ಹಳೆಯ ರೋಟರನ್ನು ಕೈಗೆತ್ತಿಕೊಂಡು, ಎಷ್ಟೋ ವರ್ಷಗಳ ಅಭ್ಯಾಸದಂತೆ ಎದೆಗೆ ಒತ್ತಿ ಹಿಡಿದು, ಕಡ್ಡಿ ತಿರುಗಿಸಿ ನೋಡುತ್ತ ಪಲ್ಲಂಗದ ಕಡೆ ವಾಪಸ್ ನಡೆದಿದ್ದರು.

“ಹಾಯ್ ಅಲ್ಲಾ!” ಎಂದು ಅಡುಗೆಮನೆಯ ಬಾಗಿಲಿನಿಂದ ಚಾಚಿ ಕೂಗಿದ್ದು ಕೇಳಿ ತಿರುಗಿ ನೋಡಿದೆ.

ಮಿಸ್ತ್ರಿ ನಿಂತಿದ್ದರು. ಮುಖದ ಮೇಲೆ ಯಾರೋ ಹಿಂದಿನಿಂದ ಕರೆದಾಗ ಆಗುವಂಥ ಗಾಬರಿ. “ಎದಿ ಬ್ಯಾರೇನs ಬಡ್ಯಾಕತ್ತೈತಿ,” ಎಂದು ಸಣ್ಣ ದನಿಯಲ್ಲಿ ಹೇಳಿ ಪಲ್ಲಂಗದ ಮೇಲೆ ಕೂತರು. ಚಾಚಿ ಓಡಿ ಬಂದು ರೋಟರನ್ನು ಅವರ ಕೈಯಿಂದ ಕಿತ್ತು ಬೀಸಿ ಒಗೆದರು. ಅದು ದೂರ ಹೋಗಲಿಲ್ಲ; ಪಲ್ಲಂಗದ ಕಬ್ಬಿಣದ ಕಾಲಿಗೆ ಹಾರಿ ಠಣ್ಣನೆ ಅಂಟಿಕೊಂಡಿತು. ಚಾಚಿ ಎರಡೂ ಕೈಯಿಂದ ಎಳೆದರೂ ಬರಲಿಲ್ಲ. ಕೊನೆಗೆ ಮಿಸ್ತ್ರಿಯನ್ನೇ ಎಬ್ಬಿಸಿ ಮನೆಯೊಳಗೆ ಕರೆದೊಯ್ದರು. ಮಿಸ್ತ್ರಿ, “ಈಗ ಬರೋಬರ್ ಐತಿ, ಏನೂ ಆಗಿಲ್ಲ,” ಎಂದು ಹೇಳುತ್ತಲೇ ಇದ್ದರು, ಕೇಳುವವರಿರಲಿಲ್ಲ.

ಮಹಾದೇವ ಮತ್ತೆ ಗಾಡಿ ತಂದ. ನಾನೂ ಜೊತೆಗೆ ಹೋದೆ. ಚಿಕ್ಕೋಡಿಯಿಂದ ಮಿರಜದವರೆಗೆ ಚಾಚಿ ಗಂಡನ ಬಲ ಮಣಿಕಟ್ಟು ಹಿಡಿದುಕೊಂಡೇ ಕೂತಿದ್ದರು. ನಾಡಿ ನೋಡುವುದು ಅವರಿಗೆ ಬರುತ್ತಿರಲಿಲ್ಲ, ಆದರೂ ಬಿಡಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. ಇವರಿಗೇನಾದರೂ ಆದರೆ ತಿರುಗಣಿ, ತೋಟ, ಯಾವುದಕ್ಕೂ ಅರ್ಥವಿಲ್ಲ ಎಂಬುದೊಂದೇ ಮನಸ್ಸಿನಲ್ಲಿತ್ತು.

ಪೇಸ್‌ಮೇಕರ್ ತಪಾಸಣೆಯ ಕೋಣೆಯಲ್ಲಿ ಒಬ್ಬ ತಂತ್ರಜ್ಞೆ ಇದ್ದಳು. ಕಾಗವಾಡದ ಕಡೆಯವಳಾದ್ದರಿಂದ ಕನ್ನಡ ಬರುತ್ತಿತ್ತು. ಮಿಸ್ತ್ರಿಯನ್ನು ಮಲಗಿಸಿ ಎದೆಗೆ ತಂತಿ ಅಂಟಿಸಿ ಪರದೆಯ ಮೇಲೆ ಬಡಿತದ ಗೆರೆ ನೋಡಿದಳು. ಎಲ್ಲ ಕೇಳಿಕೊಂಡಳು. ಆಮೇಲೆ ಕಪಾಟಿನಿಂದ ಕಡುಬಿನ ಗಾತ್ರದ ದುಂಡನೆಯ ಉಂಗುರವೊಂದನ್ನು ತೆಗೆದಳು.

“ಅದೇನದು?” ಚಾಚಿ ಕೇಳಿದರು.

“ಮ್ಯಾಗ್ನೆಟ್ರಿ.”

ಚಾಚಿ ಅವಳ ಕೈ ಹಿಡಿದುಬಿಟ್ಟರು. “ನೀವs ಬ್ಯಾಡ ಅಂದೀರಿ, ಈಗ ನೀವs ಇಡಾಕತ್ತೀರಲ್ಲ?”

ಅವಳು ನಗಲಿಲ್ಲ. ಅದು ನನಗೆ ಇಷ್ಟವಾಯಿತು. “ಇಲ್ಲಿ ಕುಂದರ್ರಿ, ಪಡದೆ ನೋಡ್ರಿ,” ಎಂದು ಚಾಚಿಗೆ ಸ್ಟೂಲು ಕೊಟ್ಟಳು. “ಇವರ ಎದಿಯಾಗಿನ ಯಂತ್ರದಾಗ ಮ್ಯಾಗ್ನೆಟ್ ಗುರುತ ಹಿಡಿಯೂ ಒಂದು ಸಣ್ಣ ಸ್ವಿಚ್ ಐತಿ. ಮ್ಯಾಗ್ನೆಟ್ ಬಂತಂದ್ರ ಯಂತ್ರ ಎದಿಯ ಮಾತು ಕೇಳೂದು ಬಿಟ್ಟು ತನ್ನ ಲೆಕ್ಕದಾಗ ಬಡೀತೈತಿ. ನಾವು ಬ್ಯಾಟರಿ ಹೆಂಗೈತಿ ನೋಡಾಕ ಹಿಂಗs ಮಾಡತೀವಿ.”

ಉಂಗುರವನ್ನು ಮಿಸ್ತ್ರಿಯ ಎದೆಯ ಮೇಲಿಟ್ಟಳು. ಪರದೆಯ ಮೇಲಿನ ಗೆರೆ ಒಮ್ಮೆ ತಡವರಿಸಿದಂತಾಗಿ ಆಮೇಲೆ ಸಮನಾಗಿ, ಸ್ವಲ್ಪ ಬೇಗ ಬೇಗ ಓಡತೊಡಗಿತು. ಉಂಗುರ ತೆಗೆದಳು. ಗೆರೆ ಮೊದಲಿನ ನಡಿಗೆಗೆ ಬಂತು.

“ಆಗ ಬ್ಯಾರೆ ಥರಾ ಬಡೀತು ಅಂದ್ರಲ್ಲ, ಅದು ಇದs ಏನ್ರಿ?”

“ಇದs,” ಅಂದರು ಮಿಸ್ತ್ರಿ. ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ಪರದೆ ನೋಡುತ್ತಿದ್ದರು. “ಇನ್ನೊಮ್ಮಿ ಇಡ್ರಿ ನೋಡೂಣು.”

“ಸುಮ್ಮ ಮಲಗ್ರಿ ನೀವು,” ಅಂದರು ಚಾಚಿ. ಆದರೆ ಅವರೂ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಇನ್ನೊಮ್ಮಿ ಇಡ್ರಿ,” ಅಂದರು.

ಕೊನೆಗೆ ಡಾಕ್ಟರು ಬಂದು ನೋಡಿ ಯಂತ್ರಕ್ಕೆ ಏನೂ ಆಗಿಲ್ಲ ಎಂದರು. ಆದರೆ ಇದನ್ನು ಆಟ ಮಾಡಿಕೊಳ್ಳಬಾರದು ಎಂದೂ ಹೇಳಿದರು. ಅಯಸ್ಕಾಂತ ಎದೆಯಿಂದ ಕನಿಷ್ಠ ಒಂದು ಮೊಳ ದೂರವಿರಬೇಕು, ಎದೆಗೆ ಒತ್ತಿ ಹಿಡಿಯುವ ಕೆಲಸ ಇನ್ನು ಯಾವತ್ತೂ ಇಲ್ಲ. ಉಳಿದ ಕೆಲಸ ಮಾಡಬಹುದು, ಶೆಡ್ಡಿಗೂ ಹೋಗಬಹುದು.

ವಾಪಸ್ ಬರುತ್ತ ಅಂಕಲಿ ಸೇತುವೆ ದಾಟುವಾಗ ಮಿಸ್ತ್ರಿ, “ಅಷ್ಟು ಸಣ್ಣ ಸ್ವಿಚ್ ಯಾರು ಮಾಡ್ಯಾರೋ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅದೇ ವಾರ ಸಕ್ಕರೆ ಕಾರ್ಖಾನೆಯಿಂದ ನನಗೆ ಕರೆ ಬಂತು. ಜೂನ್‌ನಲ್ಲಿ ಹಾಜರಾಗಬೇಕು. ಅಪ್ಪ ಪೇಢೆ ತಂದು ಮನೆಯ ಬುದ್ಧನ ಫೋಟೋದ ಮುಂದಿಟ್ಟು ಡಿಪೋದಲ್ಲೆಲ್ಲ ಹಂಚಿದ. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಆದರೆ ಶೆಡ್ಡಿನಲ್ಲಿ ಅದನ್ನು ಹೇಳಲು ಎರಡು ದಿನ ಬಾಯಿ ಬರಲಿಲ್ಲ. ಹೇಳಿದಾಗ ಮಿಸ್ತ್ರಿ, “ಒಳ್ಳೇದಾತು, ಹೋಗು. ಅಪ್ಪನ ಆಸೆ ಅದು,” ಎಂದಷ್ಟೇ ಹೇಳಿದರು. ಮಹಾದೇವ ಲೇಥ್ ನಿಲ್ಲಿಸಿ, “ಮತ್ತ ಇದನ್ನ ಯಾರು ಹಚ್ಚೋರು?” ಅಂದ. ಅವನ ಕೈ ಲೇಥಿನ ಕೆಲಸಕ್ಕೆ ಬಲಿತದ್ದು, ಈ ಸಣ್ಣ ತುಂಡುಗಳು ಅವನ ಬೆರಳಿಗೆ ಸಿಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಂದಾಗ ಅಂಗಳದ ಸುಣ್ಣದ ಗೆರೆ ಇರಲಿಲ್ಲ, ತೊಳೆದಿದ್ದರು. ಚಾಚಿ ಶೆಡ್ಡಿನೊಳಗೆ ಬೆಂಚಿನ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಬೆಂಚಿನ ನಡುವೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ ಅಂಟಿಸಿದ್ದರು. ಆ ತುದಿಯಲ್ಲಿ ತಾಮ್ರದ ತಂತಿ, ಸುರುಳಿ, ಮಿಸ್ತ್ರಿ. ಈ ತುದಿಯಲ್ಲಿ ಅಯಸ್ಕಾಂತದ ಡಬ್ಬಿ.

“ಇವರು ಅಲ್ಲಿ ಕುಂದರತಾರ. ಇದು ಆ ಕಡೆ ಹೋಗೂದಿಲ್ಲ,” ಎಂದು ಡಬ್ಬಿ ತೋರಿಸಿದರು. “ಹಚ್ಚೂದು ನನಗ ಕಲಸು.”

“ಚಾಚಿ, ಬೆರಳು ಸಿಗತಾವ ನೋಡ್ರಿ. ನನ್ನೂ ನೀಲಿ ಆಗಿದ್ದೂ...”

“ಲಗ್ನಕ್ಕಿಂತ ಮೊದಲ ನಿಪ್ಪಾಣ್ಯಾಗ ಬೀಡಿ ಕಟ್ಟೀನಿ. ನನ್ನ ಬೆರಳಿನ ಸುದ್ದಿ ನನಗ ಬಿಡು.”

ಅವರು ನನಗಿಂತ ಬೇಗ ಕಲಿತರು. ಬೀಡಿಯ ಎಲೆಯನ್ನು ಮಡಚಿ ತುದಿ ಒತ್ತುವ ಆ ಹೆಬ್ಬೆರಳು ಅಂಟು ಸವರಿದ ತುಂಡನ್ನು ಅಚ್ಚಿನಲ್ಲಿ ಸರಿಸಿ, ಒತ್ತಿ, ಅಲ್ಲೇ ಹಿಡಿದು ಕಾಯುತ್ತಿತ್ತು. ಬೆರಳು ಸಿಕ್ಕಾಗ ದಖನಿಯಲ್ಲಿ ಏನೋ ಬೈಯುತ್ತಿದ್ದರು. ಬೆಂಚಿನ ಆ ತುದಿಯಿಂದ ಮಿಸ್ತ್ರಿ, “ಬಾಜೂಸೆ ಲಾ, ಬಾಜೂಸೆ,” ಎನ್ನುತ್ತಿದ್ದರು. ಉತ್ತರ, ದಕ್ಷಿಣ ಎಂಬುದನ್ನು ಚಾಚಿ ಒಪ್ಪಲಿಲ್ಲ. ಒಂದು ಮುಖಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟು, ಚುಕ್ಕೆಯದು, ಚುಕ್ಕೆಯಿಲ್ಲದ್ದು ಎಂದು ಲೆಕ್ಕ ಹಿಡಿದರು. ಒಂದೂ ತಪ್ಪಲಿಲ್ಲ.

ಕೊಲ್ಹಾಪುರದ ವ್ಯಾಪಾರಿಗೆ ನಾನು ಫೋನು ಮಾಡಿ ಬಿಸಿ ತಾಳುವ ಜಾತಿಯೇ ಬೇಕು, ಬಲ ಕಡಿಮೆಯಿದ್ದರೂ ನಡೆಯುತ್ತದೆ ಎಂದು ಹಿಡಿದು ಕೂತೆ. ಅದು ಬರುವವರೆಗೆ ತೋಟಗಳಲ್ಲಿ ಬೆಳೆಗಾರರು ಕೈಯಿಂದಲೇ ನೀರು ಬಿಟ್ಟರು. ಮಹಾದೇವ ಹೋಗಿ ಎಲ್ಲ ಪೆಟ್ಟಿಗೆಗಳಿಗೂ ಬಿಳಿ ಬಣ್ಣ ಬಳಿದು, ಮೇಲೆ ಗೇಣು ಎತ್ತರದಲ್ಲಿ ಇನ್ನೊಂದು ತಗಡು ಹೊದಿಸಿ ಬಂದ. ನಾನು ಸರ್ಕಿಟ್ ಬದಲಿಸಿ ಉಲ್ಟಾ ಕರೆಂಟಿನ ಹೊಡೆತ ಕಡಿಮೆ ಮಾಡಿದೆ. ಬಿಸಿ ತಾಳುವ ಮಾಲು ಬಂದ ಮೇಲೆ ಚಾಚಿ, ನಾನು ಎದುರುಬದುರು ನಿಂತು ಹಚ್ಚಿದೆವು. ಪ್ರತಿ ರೋಟರನ್ನೂ ಚಹದ ಪಾತ್ರೆಯ ಬಿಸಿನೀರಿನಲ್ಲಿ ಅದ್ದಿಯೇ ಕಳಿಸಬೇಕೆಂಬುದು ಮಿಸ್ತ್ರಿಯ ಕಟ್ಟಪ್ಪಣೆಯಾಗಿತ್ತು. ತಕ್ಕಡಿಯ ಮುಳ್ಳನ್ನು ಅವರು ದೂರದಿಂದಲೇ ಓದುತ್ತಿದ್ದರು. ಚಾಚಿ ಹೊಸ ಚಹದ ಪಾತ್ರೆ ತರಿಸಿಕೊಂಡರು.

ಮೇ ತಿಂಗಳ ಕೊನೆಗೆ ನಾಲ್ವರೂ ಕಾಗವಾಡಕ್ಕೆ ಹೋದೆವು. ಬೆಳಿಗ್ಗೆಯೇ ಕೂರಿಸಿ ಮುಗಿಸಿದೆವು. ಆದರೆ ಬೆಳಿಗ್ಗೆ ಕೆಲಸ ಮಾಡುವುದು ದೊಡ್ಡದಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೆಳೆಗಾರರು ಜಾಲಿಯ ನೆರಳಲ್ಲಿ ಬಂದು ಬಂದು ಕೂತರು. ವಾಲ್ವುಗಳನ್ನು ತೆರೆದು ನಾವೂ ಕಾಯತೊಡಗಿದೆವು. ಚಾಚಿ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಖಾರದ ಚಟ್ನಿ ಬಿಚ್ಚಿದರು. ಗೌಡರ ಮನೆಯಿಂದ ಮಜ್ಜಿಗೆ ಬಂತು. ಬಿಸಿಲು ಏರಿತು. ಬಳ್ಳಿಗಳ ಎಲೆ ಅಲುಗಲಿಲ್ಲ. ನಡುವೆ ಕರೆಂಟು ಹೋಯಿತು, ಪಂಪು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಬಂತು, ಪಂಪು ಶುರುವಾದಾಗ ಪೈಪಿನಲ್ಲಿ ನೀರು ಗುದ್ದಿದ ಸಪ್ಪಳವಾಯಿತು. ಏಪ್ರಿಲ್‌ನಲ್ಲಿ ರೋಟರುಗಳು ಕೈಬಿಟ್ಟಿದ್ದು ಇಂಥ ಗುದ್ದಿಗೇ.

ಚಾಚಿ ಎಲ್ಲರಿಗಿಂತ ಮೊದಲು ಎದ್ದು ಹತ್ತಿರದ ಪೆಟ್ಟಿಗೆಯ ಕಡೆ ನಡೆದರು. ಮಿಸ್ತ್ರಿ ಹಿಂದೆಯೇ ಹೊರಟು, ನಾಲ್ಕು ಮಾರು ದೂರದಲ್ಲಿ ತಾವಾಗಿಯೇ ನಿಂತರು.

“ಹನಿ ಬೀಳಾಕತ್ತೈತೇನು?” ಎಂದು ಕೂಗಿದರು.

ಚಾಚಿ ಬಳ್ಳಿಯ ಬುಡಕ್ಕೆ ಬಗ್ಗಿದರು. ಹನಿ ನೀರಾವರಿಯ ಕೊಳವೆಯಿಂದ ನೀರು ಒಂದೇ ಸಮ ತೊಟ್ಟಿಕ್ಕುತ್ತಿತ್ತು. “ಬೀಳಾಕತ್ತೈತಿ!” ಅಂದರು. ಭರಮಗೌಡರು ಸಾಲಿನ ತುದಿಯವರೆಗೆ ಹೋಗಿ ನೋಡಿ ಬಂದರು. ತುದಿಯ ತೋಟಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೋದವನು ಅಲ್ಲೂ ನೀರಿದೆ ಎಂದು ಫೋನು ಮಾಡಿದ. ನಾನು ಗುಂಡಿ ಒತ್ತಿದೆ. ಟಕ್. ಹನಿ ನಿಧಾನವಾಗಿ ನಿಂತಿತು. ಮತ್ತೆ ಒತ್ತಿದೆ. ಮತ್ತೆ ಬಂತು. ಏಪ್ರಿಲ್‌ನಲ್ಲಿ ತೆಗೆದು ಒಗೆಯಿರಿ ಎಂದಿದ್ದವರು ತಾವೇ ಬಂದು ಒಂದು ಸಲ ಒತ್ತಿ ನೋಡಿದರು.

ಹೊರಡುವ ಹೊತ್ತಿಗೆ ಗೌಡರು ಮಿಸ್ತ್ರಿಯ ಹತ್ತಿರ ಬಂದರು. “ನಮ್ಮ ಬೀಗರು ಅದಾರ, ಹೊಳಿ ಆಚೆ. ಅವರ ತೋಟಕ್ಕೂ ಇದs ಬೇಕಂತಾರ. ಆಗತೈತೇನು?”

ಮಿಸ್ತ್ರಿ ನನ್ನ ಕಡೆ ನೋಡಿದರು. ನಾನು ಮುಂದಿನ ವಾರ ಇರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮೇಲೆ ಅವರು ಕೈಯೆತ್ತಿ ಬಳ್ಳಿಸಾಲಿನ ಕಡೆ ತೋರಿಸಿದರು. “ನನ್ನ ಕೇಳಬ್ಯಾಡ್ರಿ. ಹಚ್ಚಾಕಿ ಅಕಿ.”

ಚಾಚಿ ಹನಿಯ ಕೊಳವೆಯ ಕೆಳಗೆ ಬೊಗಸೆಯೊಡ್ಡಿ ಕೈಗೆ ಅಂಟಿದ ರೊಟ್ಟಿಯ ಹಿಟ್ಟು ತೊಳೆಯುತ್ತಿದ್ದರು. ಎದ್ದು ಸೆರಗಿಗೆ ಕೈ ಒರೆಸಿಕೊಂಡರು. ಪಡುವಣದಲ್ಲಿ ಏಳುತ್ತಿದ್ದ ಮೋಡವನ್ನು ಒಮ್ಮೆ ನೋಡಿದರು.

“ಬೇಕಂದ್ರ ಲಗೂ ಹೇಳಾಕ ಹೇಳ್ರಿ, ಗೌಡ್ರ,” ಅಂದರು. “ಮಳಿ ಹಿಡೀತಂದ್ರ ಅಂಟು ಒಣಗೂದಿಲ್ಲ.”